ಬೀಳದ ಮನೆ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಐವತ್ತಾರನೇ ಇಸವಿಯಲ್ಲಿ. ಏಳನೇ ಕ್ಲಾಸು, ಅದೂ ಪೂರ್ತಿಯಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇನ್ನು ಸ್ವಲ್ಪ ಹೊತ್ತಿನಲ್ಲಿ ನಾನು ಒಬ್ಬ ಪ್ರೊಫೆಸರರ ಮೇಲೆ ಸಿಟ್ಟು ಮಾಡಿಕೊಳ್ಳುವವನಿದ್ದೇನೆ. ಆಗ ನೀವು ‘ಇವನೇನು ಮಹಾ ಓದಿದ್ದಾನೆ’ ಎಂದು ಕೇಳಬಾರದು ನೋಡಿ. ಶಾಲೆಯನ್ನು ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ನಾನು ಕೂರುವ ಬೆಂಚಿನ ಕಾಲೊಂದು ಅಲ್ಲಾಡುತ್ತಿತ್ತು. ಮೇಷ್ಟ್ರು ಅಶೋಕ ಚಕ್ರವರ್ತಿಯ ಪಾಠ ಮಾಡುತ್ತಿದ್ದರೆ ನನ್ನ ಜೀವವೆಲ್ಲ ಆ ಕಾಲಿನ ಮೇಲೆ. ಕೊನೆಗೊಂದು ದಿನ ಪಾಠದ ಮಧ್ಯದಲ್ಲೇ ಬೆಂಚು ಮಗುಚಿ ಹಾಕಿ, ಕಲ್ಲು ತಂದು ಬಡಿದು ಕಾಲು ಕೂರಿಸಿದೆ. ಮೇಷ್ಟ್ರು ಹೊರಗೆ ನಿಲ್ಲಿಸಿದರು. ಹೊರಗೆ ನಿಂತವನು ಹಾಗೇ ನಡೆದು ಸಾಗರದ ಒಬ್ಬ ಮರಗೆಲಸದ ಆಚಾರ್ರ ಅಂಗಡಿ ಮುಂದೆ ಹೋಗಿ ನಿಂತೆ. ಅವರು ಕೈಗೆ ಉಳಿ ಕೊಟ್ಟರು. ಅಷ್ಟೇ ನನ್ನ ಓದು.

ಈಗ ಪ್ರೊಫೆಸರರ ವಿಚಾರ. ಕಳೆದ ಭಾನುವಾರ ಮಧ್ಯಾಹ್ನ ಊಟ ಮಾಡಿ, ಎಲೆಅಡಿಕೆ ಹಾಕಿಕೊಂಡು, ಹೊಸ ಬಾಗಿಲಿಗೆ ಪಾಲಿಶ್ ಕೊಡೋಣ ಎಂದು ಎದ್ದಿದ್ದೆ. ಒಳಗಿನಿಂದ ಮೊಮ್ಮಗಳು ಸ್ಮಿತಾ ಕೂಗಿದಳು: “ಅಜ್ಜಾ, ಓಡಿ ಬಾ! ಟೀವೀಲಿ ನಿನ್ನ ಸಿನಿಮಾ ಬರ್ತಾ ಉಂಟು!”

“ನನ್ನದಲ್ಲ ಅದು. ಆ ಮಫ್ಲರ್‌ನೋನ್ದು,” ಎಂದೆ.

ಆದರೂ ಹೋದೆ. ಸಿನಿಮಾ ಇನ್ನೂ ಶುರುವಾಗಿರಲಿಲ್ಲ. ಗಡ್ಡದ ಪ್ರೊಫೆಸರರೊಬ್ಬರು ಬೆತ್ತದ ಕುರ್ಚಿಯಲ್ಲಿ ಕೂತು ವಿವರಿಸುತ್ತಿದ್ದರು. ನಮ್ಮ ಡೈರೆಕ್ಟರು ಎಂಥ ದೊಡ್ಡವರು, ಅರವತ್ತರ ದಶಕದಲ್ಲಿ ಒಂದಾದ ಮೇಲೊಂದು ಎಂಥೆಂಥ ಚಿತ್ರ ಕೊಟ್ಟರು, ಅದರಲ್ಲಿ ಈ ಮುಳುಗಡೆಯ ಚಿತ್ರ ಹೇಗೆ ಕಳಶದಂಥದ್ದು, ಹೀಗೆ. ಅಲ್ಲಿಯವರೆಗೆ ತಕರಾರಿಲ್ಲ. ಆಮೇಲೆ ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಹೇಳಿದರು: “ಕೊನೆಯ ದೃಶ್ಯದಲ್ಲಿ ಮನೆ ಬೀಳುವುದಿಲ್ಲ. ಗೋಡೆ ಕುಸಿದರೂ ಕಂಬಗಳು ನಿಲ್ಲುತ್ತವೆ. ಇದು ನಿರ್ದೇಶಕರು ಬಹುಕಾಲ ಧ್ಯಾನಿಸಿ ಕಂಡುಕೊಂಡ ಸಂಕೇತ.”

ಧ್ಯಾನವಂತೆ! ನಾನು ಅಲ್ಲಿದ್ದೆ ಸ್ವಾಮಿ. ಆವತ್ತು ಆ ಮನುಷ್ಯನ ಬಾಯಿಂದ ಬಂದ ಮಾತುಗಳನ್ನು ಸ್ಮಿತಾಳ ಎದುರು ಹೇಳಲಿಕ್ಕಾಗುವುದಿಲ್ಲ. ಧ್ಯಾನ ಮಾಡುವವರು ತಮ್ಮ ಮಫ್ಲರನ್ನು ಕಿತ್ತು ಕೆಸರಿಗೆ ಎಸೆದು ಅದರ ಮೇಲೆ ಕುಣಿಯುತ್ತಾರೆಯೇ?

ಮಫ್ಲರ್ ಎಂದೆನಲ್ಲ, ಅದರಿಂದಲೇ ಶುರು ಮಾಡುತ್ತೇನೆ. ನಮ್ಮ ಕಡೆಯವರಿಗೆಲ್ಲ ಅವರು ‘ಮಫ್ಲರ್ ಡೈರೆಕ್ಟ್ರು’. ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಕುತ್ತಿಗೆಗೆ ಕಂದು ಬಣ್ಣದ ಮಫ್ಲರ್ ಸುತ್ತಿಕೊಂಡು ಬೆವರುತ್ತಾ ನಿಲ್ಲುತ್ತಿದ್ದರು. ಮೈಸೂರು ಕಡೆಯವರು, ಆದರೆ ಸಂಸಾರ, ಸ್ಟುಡಿಯೋ ಎಲ್ಲ ಮದ್ರಾಸಿನಲ್ಲಿ. ಆಗ ಕನ್ನಡ ಸಿನಿಮಾ ಎಂದರೆ ಅಲ್ಲೇ ತಾನೆ ಆಗುತ್ತಿದ್ದದ್ದು. ಹೊರಾಂಗಣಕ್ಕೆ ಮಾತ್ರ ನಮ್ಮ ಕಡೆ ಬರುತ್ತಿದ್ದರು. ನಾನು ಅವರನ್ನು ಮೊದಲು ನೋಡಿದ್ದು ಅರವತ್ತೊಂದರಲ್ಲಿ, ತೀರ್ಥಹಳ್ಳಿಯಲ್ಲಿ. ನಾನು ಅಲ್ಲಿ ಒಂದು ಜವಳಿ ಅಂಗಡಿಗೆ ಕಪಾಟು ಮಾಡುವ ಕೆಲಸ ಹಿಡಿದಿದ್ದೆ. ಅವರು ತಮ್ಮ ಮೊದಲನೇ ಸಿನಿಮಾಕ್ಕೆ, ಒಂದು ಭಕ್ತಿ ಚಿತ್ರ, ಹೊಳೆ ದಂಡೆಯಲ್ಲಿ ಪಲ್ಲಕ್ಕಿ ಮೆರವಣಿಗೆ ತೆಗೆಯಲು ಬಂದಿದ್ದರು. ಮದ್ರಾಸಿನಿಂದ ತಂದ ಪ್ಲೈವುಡ್ಡಿನ ಪಲ್ಲಕ್ಕಿ ಲಾರಿಯಲ್ಲೇ ಕುಲುಕಿ ಕುಲುಕಿ ಹಪ್ಪಳವಾಗಿತ್ತು. ಯಾರೋ ನನ್ನನ್ನು ತೋರಿಸಿದರು.

“ಏನಯ್ಯ, ಒಂದು ಪಲ್ಲಕ್ಕಿ ಮಾಡ್ಕೊಡ್ತೀಯಾ? ಬೇಗ ಬೇಕು. ನೋಡೋಕೆ ಪಲ್ಲಕ್ಕಿ ಥರ ಇದ್ರೆ ಸಾಕು.”

“ಪಲ್ಲಕ್ಕಿ ಥರದ್ದು ನನಗೆ ಬರಲ್ಲ ಸಾರ್. ಪಲ್ಲಕ್ಕಿನೇ ಮಾಡ್ತೀನಿ.”

ಮತ್ತಿ ಮರದಲ್ಲಿ ಮಾಡಿದೆ. ಮದ್ರಾಸಿನಿಂದ ಬಂದಿದ್ದ ಬೋವಿ ವೇಷದವರು ಅದನ್ನು ಎತ್ತಿದ್ದೇ ತಡ ಮೊಣಕಾಲು ನಡುಗಲು ಶುರುವಾಯಿತು, ಕಣ್ಣು ಹೊರಗೆ ಬಂದವು. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದರೆ ಡೈರೆಕ್ಟರು ಚಪ್ಪಾಳೆ ಹೊಡೆಯುತ್ತಿದ್ದಾರೆ! “ನೋಡ್ರೀ, ಮುಖ ನೋಡ್ರೀ! ಭಾರ ಹೊತ್ತವರ ಮುಖ ಅಂದ್ರೆ ಇದು! ಪ್ಲೈವುಡ್ ಹೊತ್ತುಕೊಂಡು ಇವರು ಮದುವೆಗೆ ಹೋಗೋರ ಥರ ನಗ್ತಿದ್ರು.” ಸಂಜೆ ಹೊರಡುವಾಗ ನನ್ನ ಹೆಗಲಿನ ಮೇಲೆ ಕೈ ಹಾಕಿ ಹೇಳಿದರು: “ಮೇಸ್ತ್ರಿ, ನಿನ್ನ ಹೆಸರು ಟೈಟಲ್‌ನಲ್ಲಿ ಬರುತ್ತೆ. ತೆರೆ ಮೇಲೆ, ದೊಡ್ಡ ಅಕ್ಷರದಲ್ಲಿ.”

ಗಮನಿಸಿ, ನಾನು ಕೇಳಿರಲಿಲ್ಲ. ಹೆಸರು ಹಾಕಿ ಎಂದು ನನ್ನ ಬಾಯಿಂದ ಯಾವತ್ತೂ ಬಂದಿದ್ದಿಲ್ಲ. ಕೇಳದೆ ಕೊಟ್ಟ ಮಾತು ಅದು. ಅದಕ್ಕೇ ಅದರ ಮೇಲೆ ನನಗೆ ಅಷ್ಟು ಕೋಪ.

ಇನ್ನೂ ದೊಡ್ಡ ತಪ್ಪೆಂದರೆ ಆ ಮಾತನ್ನು ನಾನು ಮನೆಗೆ ಹೋಗಿ ಅಪ್ಪಯ್ಯನಿಗೆ ಹೇಳಿದ್ದು. ನಮ್ಮ ಮನೆ ಆಗಿನ್ನೂ ಶರಾವತಿಯ ಆಚೆ, ಕಾರ್ಗಲ್ಲಿನ ಕಡೆ, ಈಗ ನೀರಿನ ಕೆಳಗಿರುವ ಊರಿನಲ್ಲಿತ್ತು. ಗೇಣಿ ಒಕ್ಕಲು. ಅಪ್ಪಯ್ಯನಿಗೆ ಒಂದಕ್ಷರ ಬರುತ್ತಿರಲಿಲ್ಲ, ಆದರೆ ನನ್ನ ಹೆಸರು ಬರೆದದ್ದು ಎಲ್ಲಿ ಕಂಡರೂ ಗುರುತು ಹಿಡಿಯುತ್ತಿದ್ದ. ಹೇಗೆಂದರೆ, ಒಂದನೇ ಕ್ಲಾಸಿನಲ್ಲಿ ಹೆಸರು ಬರೆಯಲು ಕಲಿತ ದಿನ ನಾನು ಇದ್ದಿಲಿನಿಂದ ಅಡುಗೆಮನೆಯ ಗೋಡೆ ಮೇಲೆ ಗೀಚಿದ್ದೆ. ಅಮ್ಮ ಬೈದು ಅಳಿಸಲು ಹೋದರೆ ಅಪ್ಪಯ್ಯ ಬಿಡಲಿಲ್ಲ. ಪ್ರತಿ ದೀಪಾವಳಿಗೆ ಸುಣ್ಣ ಬಳಿಯುವಾಗಲೂ ಆ ಹೆಸರಿನ ಸುತ್ತ ಬಳಿದು ಅದನ್ನು ಮಾತ್ರ ಹಾಗೇ ಬಿಡುತ್ತಿದ್ದ. ಮಗ ಓದಿ ಕಛೇರಿಯಲ್ಲಿ ಕೂರುತ್ತಾನೆ ಎಂದು ಅವನ ಲೆಕ್ಕ. ನಾನು ಶಾಲೆ ಬಿಟ್ಟ ವರ್ಷದ ದೀಪಾವಳಿಗೆ ಅದರ ಮೇಲೂ ಸುಣ್ಣ ಬಳಿದ. ಬೈಯಲಿಲ್ಲ. ಬಳಿದ, ಅಷ್ಟೇ. ನಾನು ಬಾಗಿಲಲ್ಲಿ ನಿಂತು ನೋಡಿದೆ.

ಹಾಗಾಗಿ ಹೆಸರು ತೆರೆ ಮೇಲೆ ಬರುತ್ತದೆ ಎಂದು ಹೇಳಿದಾಗ ಅಪ್ಪಯ್ಯ ಕೆಲಸ ನಿಲ್ಲಿಸಿ ಕೇಳಿದ, “ಅದನ್ನ ಎಷ್ಟು ಜನ ನೋಡ್ತಾರೆ?”

“ಸಾವಿರಾರು ಜನ.”

“ನಾನೂ ನೋಡ್ಬೇಕು,” ಎಂದ. ಅಲ್ಲಿಗೆ ನನ್ನ ಕುತ್ತಿಗೆಗೆ ಹಗ್ಗ ಬಿತ್ತು.

ಆ ಸಿನಿಮಾ ಸಾಗರಕ್ಕೆ ಬಂದಾಗ ಇಬ್ಬರೂ ಹೋದೆವು. ಅಪ್ಪಯ್ಯ ಮಡಿ ಪಂಚೆ ಉಟ್ಟಿದ್ದ. ದೀಪ ಆರಿತು, ಸಂಗೀತ ಶುರುವಾಯಿತು, ಒಂದೊಂದೇ ಹೆಸರು ಬಂದವು. ಅಪ್ಪಯ್ಯ ಬೆಂಚಿನ ತುದಿಗೆ ಜರುಗಿ, ಬೆರಳು ಮುಂದೆ ಚಾಚಿ, ಒಂದೊಂದು ಹೆಸರನ್ನೂ ತಡೆದು ನಿಲ್ಲಿಸಿ ಮುಖ ನೋಡುವವನಂತೆ ನೋಡಿದ. ಮೇಕಪ್ಪಿನವರ ಹೆಸರು ಬಂತು, ಅಡುಗೆಯವರ ಹೆಸರು ಬಂತು, ಆನೆ ಕೊಟ್ಟವರ ಹೆಸರೂ ಬಂತು. ಕೊನೆಗೆ ಡೈರೆಕ್ಟರ ಹೆಸರು ಇಡೀ ತೆರೆ ತುಂಬಿಕೊಂಡು ನಿಂತು ಮರೆಯಾಯಿತು.

“ಬಂತಾ?”

“ಇಲ್ಲ.”

“ನಡಿ ಹಂಗಾರೆ.”

ಎದ್ದೇಬಿಟ್ಟ. ನನ್ನ ಪಲ್ಲಕ್ಕಿ ಬರುವ ಮೊದಲೇ ನಾವು ಬಸ್‌ಸ್ಟ್ಯಾಂಡಿನಲ್ಲಿದ್ದೆವು. ಆ ಪಲ್ಲಕ್ಕಿಯನ್ನು ನಾನು ಆಮೇಲೆ ಒಬ್ಬನೇ ಹೋಗಿ ನೋಡಬೇಕಾಯಿತು.

ಇದು ಒಂದು ಸಲದ ಕಥೆಯಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಆ ಮನುಷ್ಯ ಮತ್ತೆ ಬಂದರು. ಎರಡನೆಯದು ರಾಜರ ಕಾಲದ ಸಿನಿಮಾ. ಕವಲೇದುರ್ಗದ ಕೋಟೆಯಲ್ಲಿ ಹೆಬ್ಬಾಗಿಲು ಬೇಕಿತ್ತು, ಹೀರೋ ಅದನ್ನು ಒಬ್ಬನೇ ತಳ್ಳಿ ತೆರೆಯಬೇಕು. ಅವರ ಕಡೆಯ ಆರ್ಟ್ ಮಾಸ್ಟರು ಗೋಣಿತಟ್ಟಿಗೆ ಬಣ್ಣ ಬಳಿದು ಬಾಗಿಲು ಮಾಡಿ ತಂದಿದ್ದ. ಡೈರೆಕ್ಟರು ಅದನ್ನು ಬೆರಳಲ್ಲಿ ತಟ್ಟಿ, ಮುಖ ಹುಳಿ ಮಾಡಿಕೊಂಡು, “ಇದು ಕೆಮ್ಮುತ್ತೆ ಕಣ್ರೀ. ಆ ಮೇಸ್ತ್ರಿನ ಕರೀರಿ,” ಎಂದರಂತೆ. ನಾನು ಹಲಸಿನ ಹಲಗೆಯ ಬಾಗಿಲು ಮಾಡಿದೆ. ಅದನ್ನು ಗುಡ್ಡ ಹತ್ತಿಸಲು ಕೆಳಗಿನ ಹಳ್ಳಿಯವರೆಲ್ಲ ಬರಬೇಕಾಯಿತು. ಹೀರೋ ತಳ್ಳಿದ. ಬಾಗಿಲು ಅಲ್ಲಾಡಲಿಲ್ಲ. ಮತ್ತೆ ತಳ್ಳಿದ, ಕುತ್ತಿಗೆಯ ನರ ಉಬ್ಬಿತು, ಹಾಕಿಕೊಂಡ ಮೀಸೆ ಕಿತ್ತು ಬಂತು. ನನಗಂತೂ ಅವನ ಮೇಲೆ ಕನಿಕರ. ಡೈರೆಕ್ಟರು ಮಾತ್ರ “ತಳ್ಳು! ತಳ್ಳು! ಹಾಗೇ ತಳ್ಳು!” ಎಂದು ಕಿರುಚುತ್ತಿದ್ದರು. ಆ ದೃಶ್ಯಕ್ಕೇ ಊರೂರುಗಳಲ್ಲಿ ಜನ ಸೀಟಿ ಹೊಡೆದರಂತೆ. ಸಿನಿಮಾ ಶತದಿನ ಓಡಿತು. ಡೈರೆಕ್ಟರಿಗೆ ಕಾರು ಬಂತು. ನನ್ನ ಹೆಸರು ಬರಲಿಲ್ಲ. ತೀರ್ಥಹಳ್ಳಿಯ ಟೆಂಟಿನಲ್ಲಿ ಅಪ್ಪಯ್ಯ ನೆಲದ ಮೇಲೆ ಕೂತು ಹೆಸರುಗಳನ್ನೆಲ್ಲ ನೋಡಿ, “ಬಂತಾ? ಇಲ್ವಾ? ನಡಿ,” ಎಂದು ಎದ್ದ. ಪಕ್ಕದವರು, “ಎಂತದಾ ಮಾರಾಯ್ರೆ, ಈಗ ಶುರುವಾತು ಪಿಕ್ಚರು!” ಎಂದರೆ, “ನಮ್ದು ಮುಗೀತು,” ಎಂದ.

ಮೂರನೆಯದು ನಗೆ ಸಿನಿಮಾ. ಅದರಲ್ಲಿ ದಪ್ಪ ಸಾಹುಕಾರ ಕೂತ ಕುರ್ಚಿ ಮುರಿದು ಬೀಳಬೇಕು. ನಾನು ಮಾಡಿದ ಕುರ್ಚಿಯ ಮೇಲೆ ಸಾಹುಕಾರನೂ ಕೂತ, ಅವನ ತೊಡೆಯ ಮೇಲೆ ಮ್ಯಾನೇಜರೂ ಕೂತ, ಆದರೂ ಕುರ್ಚಿ ಕಿಂಚಿತ್ತೂ ಹಂದಲಿಲ್ಲ. ಕೊನೆಗೆ ಕಾಲು ಗರಗಸದಲ್ಲಿ ಕೊಯ್ದರು. ನನ್ನ ಎದುರೇ! ಆ ಸಿನಿಮಾ ನೆಲ ಕಚ್ಚಿತು, ನನಗೆ ಒಳಗೊಳಗೇ ಖುಷಿಯಾಯಿತು. ಹೆಸರು ಬಂತಾ ಎಂದು ನೀವು ಕೇಳುವುದೇ ಬೇಡ. ಡೈರೆಕ್ಟರನ್ನು ಕೇಳಿದರೆ ಪ್ರತಿ ಸಲವೂ ಒಂದು ಉತ್ತರ ತಯಾರಿರುತ್ತಿತ್ತು: ಟೈಟಲ್ ಬರೆಯುವವನಿಗೆ ಜ್ವರ, ನಿರ್ಮಾಪಕರ ಮಾವ ಕತ್ತರಿಸಿದರು, ಮುಂದಿನ ಸಲ ನೋಡು ಮೇಸ್ತ್ರಿ, ಮೊದಲನೇ ಹೆಸರೇ ನಿನ್ನದು.

ಈ ನಡುವೆ ನಮ್ಮ ಮನೆಯೂ ಮುಳುಗಡೆಗೆ ಬಂತು. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರುವ ಮೊದಲು ಎದ್ದು ಹೋಗಬೇಕು ಎಂದರು. ಅತ್ತವರು ಅತ್ತರು, ಅದರ ಬಗ್ಗೆ ಬರೆಯುವವರು ಬರೆದಿದ್ದಾರೆ, ನಾನು ಬರೆಯುವುದಿಲ್ಲ. ನಾನು ಮಾಡಿದ್ದು ಮನೆ ಬಿಚ್ಚುವ ಕೆಲಸ. ಕಂಬ, ತೊಲೆ, ಪಕಾಸಿ, ಒಂದನ್ನೂ ಬಿಡದೆ ಬಿಚ್ಚಿ ಗಾಡಿಗೆ ಹೇರಿ ಹೊಸನಗರದ ಕಡೆ ತಂದೆ. ಬಿಚ್ಚುವಾಗ ಯಾವ ಕಂಬ ಎಲ್ಲಿಯದು ಎಂದು ಗುರುತು ಹಾಕುವುದು ನಮ್ಮ ಕಸುಬಿನ ಕ್ರಮ. ಉಳಿದವರೆಲ್ಲ ಉಳಿಯಿಂದ ಒಂದೋ ಎರಡೋ ಗೀಟು ಕೆತ್ತುತ್ತಾರೆ. ನಾನು ಅರ್ಧ ಏಳನೇ ಕ್ಲಾಸು ಓದಿದವನಲ್ಲವೇ, ಅಕ್ಷರ ಕೆತ್ತಿದೆ. ಉತ್ತರ ದಿಕ್ಕಿನ ಮೂರನೇ ಕಂಬಕ್ಕೆ ‘ಉ ೩’, ಅದರ ಮೇಲೆ ಕೂರುವ ತೊಲೆಯ ತುದಿಗೂ ‘ಉ ೩’. ಪೂರ್ವಕ್ಕೆ ‘ಪೂ’, ದಕ್ಷಿಣಕ್ಕೆ ‘ದ’. ಸಾಗರದಿಂದ ನೋಡಲು ಬಂದಿದ್ದ ನಮ್ಮ ಆಚಾರ್ರು ಬಾಯಿಗೆ ಕೈ ಹಿಡಿದು ನಕ್ಕರು. “ತಾನು ಶಾಲೆ ಬಿಟ್ಟು ಬಂದ. ಈಗ ಕಂಬಗಳನ್ನ ಶಾಲೆಗೆ ಸೇರಿಸ್ತಾ ಇದ್ದಾನೆ ನೋಡಿ!” ಅಪ್ಪಯ್ಯ ಮಾತ್ರ ಪ್ರತಿಯೊಂದು ಗುರುತಿನ ಮೇಲೂ ಹೆಬ್ಬೆರಳು ಆಡಿಸಿಕೊಂಡು ಹೋದ.

ಹೊಸ ಜಾಗ ಸಣ್ಣದು, ಮನೆಯೂ ಸಣ್ಣದಾಯಿತು. ಉತ್ತರದ ಪಡಸಾಲೆಯ ಮರವೆಲ್ಲ ಉಳಿದು ಸೋಗೆಯ ಮಾಡಿನ ಕೆಳಗೆ ಬಿದ್ದಿತ್ತು. ಅರವತ್ತೇಳರಲ್ಲಿ ಡೈರೆಕ್ಟರು ನಾಲ್ಕನೇ ಸಿನಿಮಾಕ್ಕೆ ಬಂದಾಗ ಅದರ ಮೇಲೆ ಕಣ್ಣು ಹಾಕಿದರು. ಕಾರು ಹೋಗಿತ್ತು, ಬಸ್ಸಿನಲ್ಲಿ ಬಂದಿದ್ದರು. ನಗೆ ಸಿನಿಮಾ ಅವರನ್ನು ಅಳಿಸಿತ್ತು. ಮಫ್ಲರ್ ಹಳೆಯದೇ.

“ಮೇಸ್ತ್ರಿ, ಇದು ನನ್ನ ಕೊನೇ ಆಟ. ಮುಳುಗಡೆ ಕಥೆ. ಹಿನ್ನೀರಿನ ದಂಡೇಲಿ ಒಂದು ಮನೆ ಕಟ್ಟಬೇಕು. ಕೊನೇಲಿ ಆ ಮನೆ ಬೀಳಬೇಕು. ಮಳೆ, ಗಾಳಿ, ಮುದುಕ ಒಳಗೆ ನಿಂತಿರ್ತಾನೆ, ದಡಾರ್ ಅಂತ ಬೀಳಬೇಕು. ಬಿದ್ರೆ ನಾನು ಉಳೀತೀನಿ.”

ನಾನು ಆಗಲ್ಲ ಎನ್ನುವವನಿದ್ದೆ. ಅಷ್ಟರಲ್ಲಿ ಜಗಲಿಯ ಮೇಲಿದ್ದ ಅಪ್ಪಯ್ಯ ಕೇಳಿದ, “ಡೈರೆಕ್ಟ್ರೇ, ಈ ಸಲನಾದ್ರೂ ಹೆಸರು ಹಾಕ್ತೀರಾ?”

“ಅಯ್ಯೋ, ಯಜಮಾನ್ರೇ! ನಿಮ್ಮಾಣೆ!”

“ನನ್ನ ಆಣೆ ಬೇಡ. ಮರ ನಂದು. ಹೆಸರು ಹಾಕೋದಾದ್ರೆ ತಗೊಂಡು ಹೋಗಿ.”

ನನಗೆ ರೇಗಿತು. ನಮ್ಮ ಮನೆಯ ಕಂಬ ಒಮ್ಮೆ ನೀರಿಗೆ ಸೋತು ಬಂದಿದೆ. ಅದನ್ನು ಮತ್ತೆ ಅದೇ ನೀರಿನ ದಂಡೆಗೆ ಒಯ್ದು ಬೀಳಿಸಲು ಕೊಡುತ್ತಾನಲ್ಲ, ಅದೂ ನನ್ನ ಒಂದು ಹೆಸರಿಗಾಗಿ! ಆದರೆ ಅಪ್ಪಯ್ಯನ ಮುಖ ನೋಡಿದರೆ ಎದುರಾಡುವ ಹಾಗಿರಲಿಲ್ಲ.

ಕಟ್ಟಿದೆ. ಡೈರೆಕ್ಟರು ದಿನಾ ಬೆಳಿಗ್ಗೆ ಬಂದು ಹೇಳುತ್ತಿದ್ದರು: “ಸಡಿಲ ಇರಲಿ ಮೇಸ್ತ್ರಿ. ಬೆಣೆ ಹಾಕಬೇಡ. ಯಾವ ಕಂಬಕ್ಕೆ ಯಾವ ತೊಲೆ ಆದರೂ ನಡೆಯುತ್ತೆ. ಬೀಳೋ ಮನೆಗೆ ಎಂಥ ಅಂದ ಚಂದ?” ಬೆಣೆ ಹಾಕಲಿಲ್ಲ, ನಿಜವಾಗಿ ಹಾಕಲಿಲ್ಲ, ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ‘ಉ ೩’ ಎಂದು ನಾನೇ ಕೆತ್ತಿದ ತೊಲೆಯನ್ನು ‘ಉ ೧’ ಕಂಬದ ಮೇಲೆ ಹೇಗೆ ಇಡಲಿ? ಒಂದು ಸಲ ಇಟ್ಟು ನೋಡಿದೆ. ಒಂದು ಕಡೆ ಜಾಗ ಬಾಯಿ ಬಿಡುತ್ತಿತ್ತು, ಇನ್ನೊಂದು ಕಡೆ ಕೂರುತ್ತಲೇ ಇರಲಿಲ್ಲ. ಮಗುವಿಗೆ ಬಲಗಾಲಿನ ಚಪ್ಪಲಿ ಎಡಗಾಲಿಗೆ ಹಾಕಿದಂತೆ. ಅದನ್ನು ನೋಡಿಕೊಂಡು ಊಟ ಮಾಡಲಾಗಲಿಲ್ಲ. ಎದ್ದು ಹೋಗಿ ಎಲ್ಲವನ್ನೂ ಅದರದರ ಜಾಗಕ್ಕೇ ಕೂರಿಸಿದೆ. ಅಜ್ಜನ ಕಾಲದಿಂದ ಒಂದರೊಳಗೊಂದು ಕೂತು ಅಭ್ಯಾಸವಾದ ಮರ. ಕೊಡತಿಯಲ್ಲಿ ಒಂದು ಪೆಟ್ಟು ಕೊಟ್ಟರೆ ಸಾಕು, ‘ಹ್ಞಾಂ’ ಎಂದು ಒಳಗೆ ಹೋಗಿ ಕೂತವು. ಬಿದಿರು ತಟ್ಟಿಯ ಗೋಡೆ ಕಟ್ಟಿ, ಮಣ್ಣು ಮೆತ್ತಿ, ಹಂಚು ಹೊದೆಸಿದೆವು.

ಶೂಟಿಂಗ್ ದಿನ ಅಪ್ಪಯ್ಯನೂ ಬಂದ, ಹಿನ್ನೀರಿನ ಕಡೆ ಮುಖ ಮಾಡಿ ಒಂದು ಕಲ್ಲಿನ ಮೇಲೆ ಕೂತ. ಪಂಪಿನಿಂದ ಮಳೆ ಸುರಿಸಿದರು. ದೊಡ್ಡ ಫ್ಯಾನಿನಿಂದ ಗಾಳಿ ಬೀಸಿದರು. ಒಳಗೆ ಮುದುಕನ ವೇಷದ ನಟ ಕಂಬ ಹಿಡಿದು ನಿಂತಿದ್ದ. ಅವನು ಓಡಿ ಪಾರಾಗಲು ಹಿಂದುಗಡೆ ದಾರಿ ಬಿಟ್ಟಿದ್ದೆವು. ಕಂಬಕ್ಕೆ ಕಟ್ಟಿದ ಹಗ್ಗ ಗುಡ್ಡದ ಮರೆಯಲ್ಲಿದ್ದ ಲಾರಿಗೆ. ಡೈರೆಕ್ಟರು ಕೈ ಬೀಸಿದರು. ಲಾರಿ ಎಳೆಯಿತು. ಹಂಚು ಸುರಿದವು, ಗೋಡೆ ಮಣ್ಣು ಕರಗಿ ಕುಸಿಯಿತು. ಮನೆ ನಿಂತಿತ್ತು.

“ಎಳೀರೋ!”

ಲಾರಿ ಗುರ್ ಎಂದಿತು. ಹಗ್ಗ ಬಿಗಿಯಿತು. ಕಂಬಗಳು ಒಂದು ಸಲ ನಿಟ್ಟುಸಿರು ಬಿಟ್ಟ ಹಾಗೆ ಶಬ್ದ ಮಾಡಿದವು. ಲಾರಿಯ ಹಿಂದಿನ ಚಕ್ರ ಕೆಸರಿನಲ್ಲಿ ತಿರುಗಿ ತಿರುಗಿ ಹೂತುಕೊಂಡಿತು. ಆಮೇಲೆ ಪಟ್ ಎಂದು ಹಗ್ಗ ತುಂಡಾಯಿತು. ಮುದುಕನ ವೇಷದವನು ಓಡಬೇಕೋ ಬೇಡವೋ ತಿಳಿಯದೆ ಕಂಬ ಅಪ್ಪಿಕೊಂಡು ಹಾಗೇ ನಿಂತಿದ್ದ.

ಆಗಲೇ ಮಫ್ಲರ್ ಕೆಸರಿಗೆ ಬಿದ್ದದ್ದು. “ಬೀಳೋ ಮನೆ ಕಟ್ಟೋ ಅಂದ್ರೆ ಎಂಥದ್ದಯ್ಯಾ ಕಟ್ಟಿದ್ದೀಯ? ನನ್ನ ಸಮಾಧಿ ಕಟ್ಟಿದ್ದೀಯ! ಬೆಣೆ ಹಾಕಿದ್ದೀಯ ನೀನು!”

“ಹಾಕಿಲ್ಲ ಸಾರ್. ಬೇಕಾದ್ರೆ ಹತ್ತಿ ನೋಡಿ.”

“ಮತ್ತೆ ಹ್ಯಾಗೆ ನಿಂತಿದೆ?”

“ಅದರ ಜಾಗ ಅದಕ್ಕೆ ಗೊತ್ತು. ಉಂಟಲ್ಲ, ಬರೆದಿದೀನಿ.”

“ಬರೆದಿದ್ದಾನಂತೆ! ಹೋಗಯ್ಯಾ, ನನ್ನ ಕಣ್ಣೆದುರಿಂದ ಹೋಗು! ಹೆಸರಂತೆ ಹೆಸರು! ನನ್ನ ಯಾವ ಪಿಕ್ಚರ್‌ನಲ್ಲೂ ನಿನ್ನ ಹೆಸರು ಇರಲ್ಲ, ತಿಳ್ಕೋ!”

ನಾನೂ ಬಿಡಲಿಲ್ಲ. “ಬೀಳೋ ಹಂಗೆ ಕಟ್ಟೋನು ಬೇಕಾದ್ರೆ ಮದ್ರಾಸಿಂದ ತಂದ್ಕೊಳ್ಳಿ!” ಎಂದು ಚೀಲ ಹೆಗಲಿಗೇರಿಸಿ ಅಪ್ಪಯ್ಯನನ್ನು ಕರೆದುಕೊಂಡು ಹೊರಟೆ. ದಾರಿಯುದ್ದಕ್ಕೂ ನನಗೆ ಬೈದುಕೊಳ್ಳುವ ಕೆಲಸ. ಅಪ್ಪಯ್ಯ ಮಾತ್ರ ನಡುನಡುವೆ ತಿರುಗಿ ಆ ಬೋಳು ಕಂಬಗಳನ್ನು ನೋಡುತ್ತಾ, “ನಿಂತಿದೆಯಲ್ಲಾ ಮಾರಾಯಾ,” ಎನ್ನುತ್ತಿದ್ದ. ಆ ದನಿಯಲ್ಲಿ ಬೇಜಾರಿರಲಿಲ್ಲ. ಅದೂ ನನ್ನ ಸಿಟ್ಟು ಏರಿಸಿತು.

ನಾವು ಹೋದ ಮೇಲೆ ಅಲ್ಲಿ ಏನು ತೆಗೆದರೋ ನನಗೆ ಗೊತ್ತಾಗಲಿಲ್ಲ. ಅವರೆಲ್ಲ ಹೋದ ಮೇಲೆ ಗಾಡಿ ಒಯ್ದು ಮರ ಬಿಚ್ಚಿ ತಂದೆ, ಅಷ್ಟೇ. ಸಿನಿಮಾ ಮಾತ್ರ ಬಂತು. ಬಂದದ್ದೇ ಎದ್ದು ನಿಂತಿತು. ಪೇಪರಿನವರು ಹೊಗಳಿದರು, ದೆಹಲಿಯಿಂದ ಪ್ರಶಸ್ತಿ ಬಂತು ಎಂದರು. ಸಾಗರದಲ್ಲಿ ಹಾಕಿದಾಗ ನಾನು ಬರಲ್ಲ ಎಂದೆ. ಅಪ್ಪಯ್ಯ ಪಂಚೆ ಉಟ್ಟು ಅಂಗಳದಲ್ಲಿ ನಿಂತುಬಿಟ್ಟ. ಮ್ಯಾಟಿನಿಗೆ ಹೋದೆವು. ಹೆಸರುಗಳು ಬಂದವು, ಲಾರಿ ಡ್ರೈವರನ ಹೆಸರೂ ಬಂತು. ಚಕ್ರ ಹೂತವನ ಹೆಸರು! ನನ್ನದಿಲ್ಲ.

ಈ ಸಲ ನಾನೇ ಮೊದಲು ಎದ್ದೆ. “ನಡಿ ಅಪ್ಪಯ್ಯ.”

“ಕೂತ್ಕೊ ಸ್ವಲ್ಪ. ಮನೆ ಎಂತ ಮಾಡಿದಾರೆ ನೋಡುವ.”

“ನಾನು ನೋಡಲ್ಲ.” ಹೊರಗೆ ಬಂದು ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ, ಬಿಸಿಲು ನೋಡುತ್ತಾ, ಎರಡೂವರೆ ಗಂಟೆ ಕೂತೆ. ಸಿನಿಮಾ ಬಿಟ್ಟಾಗ ಅಪ್ಪಯ್ಯ ಎಲ್ಲರಿಗಿಂತ ಕೊನೆಗೆ ಬಂದ. ಕಣ್ಣು ಕೆಂಪಾಗಿತ್ತು.

“ನಿನ್ನ ಅಕ್ಷರ ಬಂತು ಮಾರಾಯಾ,” ಎಂದ. “ದೊಡ್ಡಕೆ ಬಂತು.”

“ಎಂತ ಅಕ್ಷರ? ಹೆಸರು ಬರ್ಲಿಲ್ಲ, ನಾನೇ ನೋಡಿದೆ.”

“ಹೆಸರಲ್ಲ. ಅಕ್ಷರ.”

“ಹೌದೌದು, ಬಂತು. ಸುಮ್ನೆ ಬಾ, ಬಸ್ಸು ತಪ್ಪತ್ತೆ.”

ಓದು ಬಾರದ ಮುದುಕ, ಕತ್ತಲಲ್ಲಿ ಏನನ್ನೋ ನೋಡಿ ಏನೋ ಅಂದುಕೊಂಡಿದ್ದಾನೆ, ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾನೆ ಎಂದು ತಿಳಿದೆ. ಆಮೇಲೆ ಆ ಸಿನಿಮಾ ತೀರ್ಥಹಳ್ಳಿಯ ಟೆಂಟಿಗೆ ಬಂದಾಗ ಒಬ್ಬನೇ ಹೋದ. ಹೊಸನಗರಕ್ಕೆ ಬಂದಾಗಲೂ ಹೋದ. ಹುಂಚದ ನೆಂಟರ ಮನೆಗೆಂದು ಹೊರಟವನು ನೆಂಟರನ್ನೇ ಕಟ್ಟಿಕೊಂಡು ಬಸ್ಸು ಹತ್ತಿ ಸಿನಿಮಾಕ್ಕೆ ಹೋಗಿದ್ದು ಗೊತ್ತಾದಾಗ ನನ್ನ ಹೆಂಡತಿ ನಕ್ಕು ನಕ್ಕು, “ಮಾವಯ್ಯಂಗೆ ಆ ಹೀರೋಯಿನ್ ಮೇಲೆ ಮನಸಾಗಿದೆ,” ಎಂದಳು. ನಾನೂ ಅದನ್ನೇ ಹೇಳಿ ಅಪ್ಪಯ್ಯನನ್ನು ಛೇಡಿಸಿದೆ. ಅವನು ಬಾಯಿ ಬಿಡಲಿಲ್ಲ. ಆದರೆ ಆ ವರ್ಷದ ದೀಪಾವಳಿಗೆ ಹೊಸ ಮನೆಗೆ ಸುಣ್ಣ ಬಳಿಯುವಾಗ ಒಂದು ತುಂಡು ಇದ್ದಿಲು ತಂದು ಕೊಟ್ಟು, “ಗೋಡೆ ಮೇಲೆ ನಿನ್ನ ಹೆಸರು ಬರಿ,” ಎಂದ. ನನಗೆ ಮೈ ಉರಿಯಿತು. ಮದುವೆಯಾಗಿ ಮಗ ಹುಟ್ಟಿದವನು ನಾನು, ಗೋಡೆ ಮೇಲೆ ಹೆಸರು ಬರೆಯಲೇ? ಬರೆದೆ, ಬಿಡಿ. ಅಪ್ಪಯ್ಯ ಅದರ ಸುತ್ತ ಸುಣ್ಣ ಬಳಿದ.

ಆಮೇಲೆ ಡೈರೆಕ್ಟರು ಈ ಕಡೆ ಬರಲಿಲ್ಲ. ಬಣ್ಣದ ಸಿನಿಮಾ ಶುರುಮಾಡಿದರು, ಊಟಿ, ಕಾಶ್ಮೀರ ಎಂದು ಹೋದರು. ಅರವತ್ತೊಂಬತ್ತರ ಆ ಬಣ್ಣದ ಸಿನಿಮಾ ನಾನು ನೋಡಿದೆ. ಎಲ್ಲ ಥರ್ಮೋಕೋಲು, ಎಲ್ಲ ಹೊಳಪು, ಬಾಗಿಲುಗಳೆಲ್ಲ ಕೆಮ್ಮುತ್ತಿದ್ದವು. ಜನರಿಗೂ ಹಿಡಿಸಲಿಲ್ಲ. ಅಲ್ಲಿಂದ ಅವರ ಇಳಿಗಾಲ. ಅದಕ್ಕೂ ಮೊದಲು ಒಮ್ಮೆ ಅವರ ಮ್ಯಾನೇಜರು ನಮ್ಮ ಮನೆಗೆ ಬಂದು, “ಮೇಸ್ತ್ರಿ, ಮದ್ರಾಸಿಗೆ ಬರ್ತೀರಾ ಅಂತ ಕೇಳಿದ್ದಾರೆ. ಇನ್ನೊಂದು ಕೇಳಿದ್ದಾರೆ, ಆ ಪಿಕ್ಚರ್ ಕೊನೇವರೆಗೂ ನೋಡಿದ್ರಾ ಅಂತ,” ಎಂದಿದ್ದ.

“ಪುರುಸೊತ್ತಿಲ್ಲ ಅಂತ ಹೇಳಿ,” ಎಂದೆ. ಎರಡಕ್ಕೂ ಅದೇ ಉತ್ತರ.

ಇಷ್ಟು ವರ್ಷ ಆ ಮುಳುಗಡೆಯ ಸಿನಿಮಾ ನೋಡಲಿಲ್ಲ. ಎಷ್ಟೋ ಸಲ ಟೀವಿಯಲ್ಲಿ ಬಂದಾಗ ಎದ್ದು ಹೋಗಿದ್ದೇನೆ. ಭಾನುವಾರವೂ ಹೆಸರುಗಳು ಮುಗಿಯುತ್ತಿದ್ದಂತೆ ಎದ್ದೆ. ಸ್ಮಿತಾ ಪಂಚೆ ಹಿಡಿದು ಎಳೆದಳು. “ಕೂತ್ಕೊ ಅಜ್ಜ. ಬೀಳಲ್ಲ ಅಂದ್ರೆ ಯಾಕೆ ಬೀಳಲ್ಲ ಅಂತ ನಂಗೆ ಹೇಳ್ಬೇಕು ನೀನು.” ಪ್ರೊಫೆಸರರಿಗಿಂತ ನನ್ನನ್ನು ಕೇಳುವುದು ಸರಿ ಎಂದು ಆ ಹುಡುಗಿಗೆ ಅನಿಸಿತಲ್ಲ, ಅದಕ್ಕೆ ಕೂತೆ.

ಕೊನೆ ಬಂತು. ಮಳೆ, ಗಾಳಿ, ಹಂಚು ಸುರಿದದ್ದು, ಗೋಡೆ ಕರಗಿದ್ದು. ಕಂಬ ಅಪ್ಪಿಕೊಂಡ ಮುದುಕ. ಅಲ್ಲಿಂದ ಮುಂದೆ ನಾನು ಕಾಣದ್ದು. ಸದ್ದೆಲ್ಲ ನಿಂತಿತು. ಕ್ಯಾಮೆರಾ ಮುದುಕನ ಕೈಯಿಂದ ನಿಧಾನವಾಗಿ ಕಂಬ ಹತ್ತತೊಡಗಿತು. ನೀರು ಕೆಳಗೆ ಹರಿಯುತ್ತಿದೆ, ಅದು ಮೇಲೆ ಹತ್ತುತ್ತಿದೆ. ಹತ್ತಿ ಹತ್ತಿ ಕಂಬ ತೊಲೆ ಸೇರುವ ಜಾಗಕ್ಕೆ ಬಂದು ನಿಂತಿತು. ಕಂಬದ ಮೇಲೆ ‘ಉ ೩’. ತೊಲೆಯ ತುದಿಗೆ ‘ಉ ೩’. ಇಡೀ ತೆರೆ ತುಂಬ. ಡೈರೆಕ್ಟರ ಹೆಸರು ನಿಂತದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು. ಅಕ್ಷರದ ಗುಂಡಿಯೊಳಗೆ ನೀರು ತುಂಬಿ, ತುಳುಕಿ, ಮತ್ತೆ ತುಂಬಿತು. ‘ಉ’ದ ಬಾಲ ನಾನು ಎಡಕ್ಕೆ ಸ್ವಲ್ಪ ಹೆಚ್ಚು ಎಳೆಯುತ್ತೇನೆ, ಮೇಷ್ಟ್ರು ಅದಕ್ಕೆ ಬೈಯುತ್ತಿದ್ದರು. ಆ ಬಾಲವೂ ಹಾಗೇ ಇತ್ತು. ಅಲ್ಲಿಗೆ ಸಿನಿಮಾ ಮುಗಿಯಿತು.

“ಅಜ್ಜ, ಎಂತ ಅದು? ಯಾರು ಬರೆದಿದ್ದು?” ಎಂದಳು ಸ್ಮಿತಾ.

ನನಗೆ ಬಂದದ್ದು ಸಿಟ್ಟು. ನೀವೇ ಹೇಳಿ, ಬರಬಾರದೇ? ಕೊನೆಯವರೆಗೂ ನೋಡಿದ್ರಾ ಎಂದು ಸುತ್ತಿ ಬಳಸಿ ಕೇಳಿ ಕಳಿಸುವ ಬದಲು, ನಿನ್ನ ಅಕ್ಷರ ಹಾಕಿದ್ದೇನೆ ಕಣಯ್ಯ ಎಂದು ಒಂದು ಮಾತು ಬಾಯಿ ಬಿಟ್ಟು ಹೇಳಬಾರದಾಗಿತ್ತೇ ಆ ಮನುಷ್ಯ? ಪಲ್ಲಕ್ಕಿ ಹೊರಲಾಗದ್ದು, ಬಾಗಿಲು ತೆರೆಯದ್ದು, ಕುರ್ಚಿ ಮುರಿಯದ್ದು, ಎಲ್ಲ ಕಣ್ಣಾರೆ ಕಂಡವರು ಬೀಳುವ ಮನೆ ಕಟ್ಟಲು ನನ್ನನ್ನೇ ಯಾಕೆ ಕರೆದರು? ಬೀಳುವುದಿಲ್ಲ ಎಂದು ಗೊತ್ತಿತ್ತೋ? ಗೊತ್ತಿದ್ದರೆ ಆ ಮಫ್ಲರ್ ಕುಣಿತ ಯಾಕೆ? ಪ್ರೊಫೆಸರರು ಹೇಳಿದ್ದೇ ಸರಿಯಿರಬಹುದೇ ಎಂಬ ಯೋಚನೆ ಬಂದು ಇನ್ನೂ ರೇಗಿತು. ಇನ್ನು ಅಪ್ಪಯ್ಯ! ಹೇಳಿದ, ಬಿಡಿ. ಒಂದು ಸಲ ಹೇಳಿದ, ನಾನು ಬಸ್ಸು ತಪ್ಪುತ್ತದೆ ಎಂದೆ. ಮತ್ತೊಮ್ಮೆ ಹೇಳಲು ಏನಾಗಿತ್ತು? ನಾನು ಹೀರೋಯಿನ್ ಎಂದು ಛೇಡಿಸಿದಾಗಲಾದರೂ ಕಿವಿ ಹಿಡಿದು ಕೂರಿಸಬಾರದಿತ್ತೇ? ಡೈರೆಕ್ಟರೂ ಇಲ್ಲ, ಅಪ್ಪಯ್ಯನೂ ಇಲ್ಲ. ಈಗ ಯಾರ ಹತ್ತಿರ ಹೋಗಿ ಜಗಳ ಆಡಲಿ?

“ಬಾ, ತೋರಿಸ್ತೀನಿ,” ಎಂದು ಸ್ಮಿತಾಳನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಅಲ್ಲಿರುವುದು ನನ್ನ ಕೆಲಸದ ಕೊಟ್ಟಿಗೆ. ಆ ಸಿನಿಮಾದ ಮರದಿಂದಲೇ ಎಬ್ಬಿಸಿದ್ದು. ಏಣಿ ಇಟ್ಟು ಹತ್ತಿದೆ, ಕೆಳಗಿನಿಂದ ಅವಳು ಏಣಿ ಹಿಡಿದುಕೊಂಡಳು. ವರ್ಷಗಳ ಗರಗಸದ ಹುಡಿ ತುಂಬಿ ಅಕ್ಷರ ಮುಚ್ಚಿಹೋಗಿತ್ತು. ಹೆಬ್ಬೆರಳಿನಿಂದ ತೆಗೆದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ಮನೆ, ಒಂದು ಕೊಟ್ಟಿಗೆ, ಕೈಗೆ ಒಗ್ಗಿದ ಆರು ಉಳಿ, ಒಂದು ಕೊಡತಿ, ಒಬ್ಬ ಮಗ, ಒಬ್ಬಳು ಮೊಮ್ಮಗಳು, ಬಾಯಲ್ಲಿ ಒಂಬತ್ತು ಹಲ್ಲು, ಗೋಡೆ ಮೇಲೆ ಒಂದು ಹೆಸರು, ಸಿನಿಮಾದಲ್ಲಿ ಎರಡು ಅಕ್ಷರ, ಎರಡು ಅಂಕಿ.